2008ರಲ್ಲಿ ಸಾರಾ ಪೇಲಿನ್‌ಗೆ ಮಾಧ್ಯಮಗಳು ಅನ್ಯಾಯ ಮಾಡಿದವಾ?

ಕೆಲವು ವಿಷಯದಲ್ಲಿ ಹೌದು. ಆದರೆ ಅಮೆರಿಕದ ಉಪಾಧ್ಯಕ್ಷ ಹುದ್ದೆಗೆ ಅವರು ಸಿದ್ಧರಿದ್ದಾರಾ ಅಂತ ಕೇಳಿದ್ದು ಅನ್ಯಾಯ ಅಲ್ಲ. ಕೇಳಲೇಬೇಕಿತ್ತು.

ಪೇಲಿನ್ ಅವರನ್ನು ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸಿಕೊಂಡ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಜಾನ್ ಮೆಕೇನ್ ಅವರಿಗೆ ಆಗ 72 ವರ್ಷ. ಅಧ್ಯಕ್ಷರಿಗೆ ಏನಾದರೂ ಆದರೆ ಆ ಕುರ್ಚಿಗೆ ಬರುವವರು ಉಪಾಧ್ಯಕ್ಷರೇ. ಪೇಲಿನ್ ಅಲಾಸ್ಕಾದ ಗವರ್ನರ್ ಆಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆಗಸ್ಟ್ 29ಕ್ಕೆ ಹೆಸರು ಘೋಷಣೆ, ನವೆಂಬರ್ 4ಕ್ಕೆ ಮತದಾನ. ಜನ ಅವರನ್ನು ಅಳೆದು ನೋಡಲು ಸಿಕ್ಕಿದ್ದು ಎರಡು ತಿಂಗಳು ಚಿಲ್ಲರೆ ಅಷ್ಟೇ.

ಬೆಂಬಲಿಗರು ಜಾಸ್ತಿ ದೂರಿದ್ದು ಸಿಬಿಎಸ್ ವಾಹಿನಿಯ ಕೇಟಿ ಕೌರಿಕ್ ಮಾಡಿದ ಸಂದರ್ಶನವನ್ನು. ಬೇಕಂತಲೇ ಸಿಕ್ಕಿಹಾಕಿಸಿದರು ಅಂತ. ಆದರೆ ಅಲ್ಲಿ ಕೇಳಿದ ಒಂದು ಪ್ರಶ್ನೆ ನೋಡಿ: ನೀವು ಯಾವ ಪತ್ರಿಕೆ ಓದುತ್ತಿದ್ದಿರಿ? ಪೇಲಿನ್ ಎಲ್ಲವನ್ನೂ ಓದುತ್ತೇನೆ ಎಂಬಂತೆ ಉತ್ತರಿಸಿದರು. ಮತ್ತೆ ಮತ್ತೆ ಕೇಳಿದರೂ ಒಂದು ಹೆಸರು ಬರಲಿಲ್ಲ. ಇದರಲ್ಲಿ ಸಂಚು ಎಲ್ಲಿದೆ? ಅದೇ ಸೆಪ್ಟೆಂಬರ್‌ನಲ್ಲಿ ಸಂಪ್ರದಾಯವಾದಿ ಅಂಕಣಕಾರ್ತಿ ಕ್ಯಾತ್ಲೀನ್ ಪಾರ್ಕರ್ ಅವರೇ ಪೇಲಿನ್ ಕಣದಿಂದ ಹಿಂದೆ ಸರಿಯಲಿ ಅಂತ ಬರೆದರು. ಸುಮ್ನೆ ಮಾಧ್ಯಮದ ಮೇಲೆ ಗೂಬೆ ಕೂರಿಸಿದರೆ ಈ ಮಾತಿಗೆ ಉತ್ತರ ಸಿಗುವುದಿಲ್ಲ.

ನಿಜವಾದ ಅನ್ಯಾಯ ಆಗಿದ್ದು ಮನೆಯ ವಿಷಯದಲ್ಲಿ. ಹದಿಹರೆಯದ ಮಗಳ ಗರ್ಭವನ್ನು ಸುದ್ದಿ ಮಾಡಿ ಎಳೆದಾಡಿದ್ದು, ಐದು ಮಕ್ಕಳ ತಾಯಿ ಈ ಕೆಲಸ ನಿಭಾಯಿಸುತ್ತಾಳಾ ಅಂದಿದ್ದು ತಪ್ಪೇ ತಪ್ಪು. ಗಂಡಸರಿಗೆ ಯಾರೂ ಹಾಗೆ ಕೇಳಲ್ಲ ಅಲ್ವಾ? ಎದುರಾಳಿ ಒಬಾಮ ಕೂಡ ಅಭ್ಯರ್ಥಿಗಳ ಮಕ್ಕಳ ತಂಟೆಗೆ ಹೋಗಬೇಡಿ ಅಂತ ಆಗಲೇ ಹೇಳಿದ್ದರು.