ಹನ್ನೊಂದು ದಿನ ಬ್ಯಾಗಿನಲ್ಲೇ ಇದ್ದ ತೀರ್ಥ

(ಕುಟುಂಬದವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು, ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಜನವರಿಯ ಒಂದು ಭಾನುವಾರ ಮಧ್ಯಾಹ್ನ ಆಕೆ ಮಡಿಕೇರಿಯ ನನ್ನ ಆಪ್ತಸಲಹೆಯ ಕೋಣೆಗೆ ಬಂದರು. ಮೈಸೂರಿನ ಬಸ್ಸಿಳಿದು ನೇರ ಬಂದಿದ್ದರು, ನಾಪೋಕ್ಲು ಕಡೆಯ ಮನೆಗೆ ಇನ್ನೂ ಹೋಗಿರಲಿಲ್ಲ. ವಯಸ್ಸು ನಲವತ್ತರ ಆಸುಪಾಸು. ಕೂತವರು ಬ್ಯಾಗನ್ನು ಮಡಿಲಿನಿಂದ ಇಳಿಸಲೇ ಇಲ್ಲ. ಅವರ ಮೊದಲ ಮಾತೇ ಇದು: "ಮೇಡಂ, ಬೇಡ ಅಂತ ನಾನು ಹೇಳಿದ್ರೆ ಅಪ್ಪನ್ನ ನಾನೇ ಕೊಂದ ಹಾಗೆ ಆಗಲ್ವಾ?"

ಅಪ್ಪನಿಗೆ ಎಪ್ಪತ್ತಮೂರು. ಸೇನೆಯಿಂದ ನಿವೃತ್ತರಾಗಿ ಬಂದು ತೋಟ ನೋಡಿಕೊಂಡಿದ್ದವರು. ಶ್ವಾಸಕೋಶ ಹಾಳಾಗಿ ವರ್ಷಗಳೇ ಆಗಿದ್ದವು, ಅದರ ಮೇಲೆ ನ್ಯುಮೋನಿಯಾ. ಮೈಸೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ವೆಂಟಿಲೇಟರ್ ಮೇಲೆ ಅವತ್ತಿಗೆ ಹನ್ನೊಂದನೇ ದಿನ. ಬೆಳಿಗ್ಗೆ ಡಾಕ್ಟರು ಕಾರಿಡಾರಿನಲ್ಲಿ ನಿಂತೇ ಹೇಳಿದ್ದರಂತೆ: ಕತ್ತಿನ ಹತ್ತಿರ ತೂತು ಮಾಡಿ ಟ್ಯೂಬ್ ಹಾಕಬೇಕು, ಹೃದಯ ನಿಂತರೆ ಎದೆ ಒತ್ತಬೇಕೋ ಬೇಡವೋ ಅದನ್ನೂ ತೀರ್ಮಾನ ಮಾಡಿ, ನಾಳೆಯೊಳಗೆ ತಿಳಿಸಿ. ಎರಡು ನಿಮಿಷದ ಮಾತು, ಅಷ್ಟೇ.

ಬೆಂಗಳೂರಿನಲ್ಲಿದ್ದ ತಮ್ಮ ಫೋನಿನಲ್ಲಿ "ದುಡ್ಡಿನ ಚಿಂತೆ ಬೇಡ ಅಕ್ಕ, ಏನನ್ನೂ ನಿಲ್ಲಿಸೋ ಮಾತಾಡಬೇಡ" ಎನ್ನುತ್ತಿದ್ದ. ಚಿಕ್ಕಪ್ಪ "ಗಾಡಿ ಮಾಡ್ಕೊಂಡು ಬಂದುಬಿಡಿ, ಮನೆಯಲ್ಲೇ ಹೋಗ್ಲಿ" ಎನ್ನುತ್ತಿದ್ದರು. ಅವ್ವನಿಗೆ ಯಾರೂ ನಿಜ ಹೇಳಿರಲಿಲ್ಲ. "ಕಫ ಕಟ್ಟಿದೆ, ಎರಡು ದಿನದಲ್ಲಿ ಬರ್ತಾರೆ" ಅಂದಿದ್ದರು. ಆ ಎರಡು ದಿನ ಹನ್ನೊಂದಾಗಿತ್ತು.

ಅವರ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. "ಅಪ್ಪನನ್ನು ಕೊನೆಯ ಸಲ ಮುಟ್ಟಿದ್ದು ಯಾವಾಗ?" ಎಂದು ಕೇಳಿದೆ.

ಆಕೆ ಬಹಳ ಹೊತ್ತು ಯೋಚಿಸಿದರು. ಆಂಬುಲೆನ್ಸಿನಲ್ಲಿ, ಎಂದರು. ಆಮೇಲೆ ದಿನಕ್ಕೆರಡು ಸಲ, ಒಬ್ಬರಿಗೆ, ಹತ್ತು ನಿಮಿಷ. ಗೌನು, ಮಾಸ್ಕು ಹಾಕಿಕೊಂಡು ಮಂಚದ ಕಾಲ ಬಳಿ ನಿಂತು ನೋಡಿ ಬರುವುದು. ಟ್ಯೂಬ್ ಕಿತ್ತುಕೊಳ್ಳದಿರಲೆಂದು ಅಪ್ಪನ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. "ಉಗುರು ಬೆಳೆದಿದೆ ಮೇಡಂ. ಅಪ್ಪ ಪ್ರತಿ ಶನಿವಾರ ಜಗಲಿಯಲ್ಲಿ ಕೂತು ಉಗುರು ತೆಗೀತಿದ್ರು. ಮಿಲಿಟರಿ ಅಭ್ಯಾಸ." ಆಗ ಅಳು ಬಂತು. ಅಳುತ್ತಲೇ ಬ್ಯಾಗಿನಿಂದ ಒಂದು ಸಣ್ಣ ಟಾನಿಕ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥ. ನಮ್ಮ ಕಡೆ ಅದನ್ನು ದೇವರ ಕೋಣೆಯಲ್ಲಿಟ್ಟು, ಜೀವ ಹೋಗುವ ಹೊತ್ತಿಗೆ ಬಾಯಿಗೆ ಬಿಡುವುದು ರೂಢಿ. ಕೇಳಿದರೆ ಬೈಯುತ್ತಾರೇನೋ ಎಂಬ ಅಂಜಿಕೆಗೆ ಹನ್ನೊಂದು ದಿನ ಬ್ಯಾಗಿನಿಂದ ಹೊರಗೇ ತೆಗೆದಿರಲಿಲ್ಲ.

ಆಪ್ತಸಲಹೆಗೆ ಬರುವ ಮೊದಲು ನಾನು ಐಸಿಯು ನರ್ಸ್ ಆಗಿದ್ದವಳು. "ಹೊರಗೆ ಕೂತಿರಿ, ಕರೀತೀವಿ" ಎಂದು ನಾನೂ ನೂರಾರು ಸಲ ಹೇಳಿದ್ದೇನೆ. ಒಳಗೆ ಕೆಲಸದ ಒತ್ತಡ, ಸೋಂಕಿನ ಭಯ ಎರಡೂ ಇರುತ್ತವೆ, ಸುಳ್ಳಲ್ಲ. ಆದರೆ ಹೊರಗೆ ಕೂತವರಿಗೆ ಏನು ಬೇಕು ಎಂದು ನಮ್ಮಲ್ಲಿ ಯಾರೂ ಕೇಳುತ್ತಿರಲಿಲ್ಲ. ಅದನ್ನು ಕೇಳಿದವರು ನ್ಯಾನ್ಸಿ ಮೋಲ್ಟರ್ ಎಂಬ ಅಮೆರಿಕದ ನರ್ಸ್. 45 ಅಗತ್ಯಗಳ ಪಟ್ಟಿ ಹಿಡಿದು 40 ಸಂಬಂಧಿಕರನ್ನು ಮಾತಾಡಿಸಿ, 1979ರಲ್ಲಿ ಪ್ರಕಟಿಸಿದರು. ಎಲ್ಲಕ್ಕಿಂತ ಮೇಲೆ ಬಂದದ್ದು ಭರವಸೆ. ಅದರ ಜೊತೆಗೇ, ಇಲ್ಲಿನವರು ನಮ್ಮವರನ್ನು ಕಾಳಜಿಯಿಂದ ನೋಡುತ್ತಿದ್ದಾರೆ ಎಂಬ ನಂಬಿಕೆ, ಸ್ಥಿತಿ ಬದಲಾದರೆ ಮನೆಗೆ ಫೋನ್ ಬರುತ್ತದೆ ಎಂಬ ಧೈರ್ಯ. ನೆಟ್‌ವರ್ಕ್ ಹುಡುಕಿಕೊಂಡು ತೋಟದ ತುದಿಗೆ ಹೋಗಿ ನಿಲ್ಲುವ ನಮ್ಮವರಿಗೆ ಈ ಕೊನೆಯದು ಬಿಡಿಸಿ ಹೇಳಬೇಕಿಲ್ಲ.

ಕೊಂದ ಹಾಗಲ್ವಾ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಫ್ರಾನ್ಸ್‌ನಲ್ಲಿ 21 ಐಸಿಯುಗಳ ರೋಗಿಗಳ ಮನೆಯವರನ್ನು ಮೂರು ತಿಂಗಳ ನಂತರ ವಿಚಾರಿಸಿದಾಗ ಮೂವರಲ್ಲಿ ಒಬ್ಬರಿಗೆ ಆಘಾತದ ಲಕ್ಷಣಗಳಿದ್ದವು. ಕೊನೆಗಾಲದ ತೀರ್ಮಾನದಲ್ಲಿ ಪಾಲುಗೊಂಡವರಲ್ಲಂತೂ ಹತ್ತರಲ್ಲಿ ಎಂಟು ಜನರಿಗೆ. ಇದು 2005ರ ವರದಿ. ಹಾಗಾದರೆ ಮನೆಯವರನ್ನು ದೂರವಿಡುವುದೇ ಒಳ್ಳೆಯದೇ? ಅಲ್ಲ. ಅದೇ ದೇಶದಲ್ಲಿ 22 ಐಸಿಯುಗಳಲ್ಲಿ, ಸಾವಿನ ಅಂಚಿನಲ್ಲಿದ್ದ 126 ರೋಗಿಗಳ ಮನೆಯವರೊಂದಿಗೆ ಇನ್ನೊಂದು ಅಧ್ಯಯನ ನಡೆದು 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮಾಮೂಲಿ ರೀತಿ. ಇನ್ನೊಂದು ಗುಂಪಿನವರನ್ನು ಕೂರಿಸಿ, ಅವರ ಮಾತಿಗೆ ಬೆಲೆ ಕೊಟ್ಟು, ದುಃಖವನ್ನು ಗುರುತಿಸಿ, ರೋಗಿ ಎಂಥ ಮನುಷ್ಯ ಎಂದು ಕೇಳಿ ಮಾತಾಡಿದರು. ಸಾವಿನ ನಂತರದ ದುಃಖದ ಬಗ್ಗೆ ಒಂದು ಕಿರುಹೊತ್ತಗೆಯನ್ನೂ ಕೊಟ್ಟರು. ಮಾಮೂಲಿ ಸಭೆಯಲ್ಲಿ ಮನೆಯವರು ಮಾತಾಡಿದ್ದು ಸುಮಾರು 5 ನಿಮಿಷ, ಇಲ್ಲಿ 14 ನಿಮಿಷ. 90 ದಿನಗಳ ನಂತರ ಈ ಗುಂಪಿನಲ್ಲಿ ಆಘಾತ, ಆತಂಕ, ಖಿನ್ನತೆ ಮೂರೂ ಕಡಿಮೆಯಿದ್ದವು. ಒಂಬತ್ತು ನಿಮಿಷ ಹೆಚ್ಚು ಬಾಯಿಬಿಡಲು ಸಿಕ್ಕಿದ್ದಕ್ಕೂ ಇದರಲ್ಲಿ ಪಾಲಿದೆ ಎಂದೇ ನಾನು ನಂಬಿದ್ದೇನೆ.

ಆಕೆಗೆ ಮೊದಲು ಹೇಳಿದ್ದು ಇದು: "ನಿಮಗೆ ಏನು ಬೇಕು ಅನ್ನೋ ಪ್ರಶ್ನೆಯನ್ನೇ ಪಕ್ಕಕ್ಕಿಡಿ. ಅಪ್ಪನಿಗೆ ಈಗ ಮಾತು ಬಂದಿದ್ದರೆ ಏನು ಹೇಳ್ತಿದ್ರು?"

ಈ ಸಲ ಯೋಚಿಸಲೇ ಇಲ್ಲ. ದೊಡ್ಡಪ್ಪ ಹೀಗೇ ವೆಂಟಿಲೇಟರ್ ಮೇಲಿದ್ದಾಗ ನೋಡಿ ಬಂದ ಅಪ್ಪ ಜೀಪಿನಲ್ಲಿ ಹೇಳಿದ್ದರಂತೆ: "ನನ್ನನ್ನ ಹೀಗೆ ಕಟ್ಟಿ ಮಲಗಿಸಬೇಡಿ ಮಕ್ಕಳೇ." ಆಗ ಜೀಪ್ ಓಡಿಸುತ್ತಿದ್ದವನು ತಮ್ಮನೇ. "ಹಾಗಾದರೆ ಅವನಿಗೆ ಅದನ್ನು ನೆನಪು ಮಾಡಿಕೊಡಿ, ವಾದ ಮಾಡಬೇಡಿ" ಎಂದೆ. ದೂರದಲ್ಲಿರುವ ಮಕ್ಕಳು 'ಎಲ್ಲ ಮಾಡಿ' ಎಂದು ಪಟ್ಟು ಹಿಡಿಯುವುದು ಹಟವಲ್ಲ. ಹತ್ತಿರವಿರಲಾಗಲಿಲ್ಲ, ಏನೂ ಮಾಡಲಾಗಲಿಲ್ಲ ಎಂಬ ನೋವು ಹಾಗೆ ಮಾತಾಡಿಸುತ್ತದೆ. ಅವನು ಬರಲಿ, ಅಪ್ಪನನ್ನು ಕಣ್ಣಾರೆ ನೋಡಲಿ, ಡಾಕ್ಟರನ್ನು ಅವನೇ ಕೇಳಲಿ.

ಕಾರಿಡಾರಿನ ಮಾತಿಗೆ ಸಹಿ ಹಾಕಬೇಡಿ, ಕೂತು ಮಾತಾಡಲು ಸಮಯ ಕೇಳಿ, ಜೊತೆಗೆ ಅಪ್ಪನನ್ನು ದಿನವೂ ನೋಡಿಕೊಳ್ಳುವ ಸಿಸ್ಟರ್ ಇರಲಿ ಎಂದೆ. ಪ್ರಶ್ನೆಗಳನ್ನು ನನ್ನ ಮೇಜಿನ ಮೇಲೇ ಬರೆದೆವು. ಮೂರು ದಿನದಿಂದ ಯಾವುದು ಸುಧಾರಿಸಿದೆ, ಯಾವುದು ಕುಸಿದಿದೆ? ಬದುಕಿದರೆ ಜಗಲಿಗೆ ನಡೆದು ಬರುವಂತೆಯೋ, ಮೆಷೀನಿಗೇ ಅಂಟಿಕೊಂಡೋ? ಉಸಿರು ಕಟ್ಟಿ ಸಂಕಟಪಡದಂತೆ ಏನು ಕೊಡುತ್ತೀರಿ? ತೀರ್ಮಾನ ಕಷ್ಟವಾದರೆ ಇನ್ನು ಮೂರು ದಿನ ಎಲ್ಲ ಚಿಕಿತ್ಸೆಯನ್ನೂ ನಡೆಸಿ ಮತ್ತೆ ಕೂರೋಣ ಎನ್ನಬಹುದು. ಹಾಗೆ ಗಡುವು ಇಟ್ಟುಕೊಳ್ಳುವುದು ವೈದ್ಯರಿಗೂ ಗೊತ್ತಿರುವ ಕ್ರಮವೇ.

ಕಾನೂನಿನ ಮಾತನ್ನೂ ಹೇಳಬೇಕಾಯಿತು, ಏಕೆಂದರೆ 'ಕೊಲೆ' ಎಂಬ ಮಾತನ್ನು ಸಂಬಂಧಿಕರೊಬ್ಬರು ಆಡಿಬಿಟ್ಟಿದ್ದರು. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. ಗುಣವಾಗದ ರೋಗಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವ ಕ್ರಮವನ್ನು 2023ರ ಜನವರಿಯಲ್ಲಿ ಸರಳಗೊಳಿಸಿತು. ಚಿಕಿತ್ಸೆ ಕೊಡುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರ ಮಂಡಳಿ ನೋಡಬೇಕು, ಆಮೇಲೆ ಎರಡನೇ ಮಂಡಳಿಯೂ ನೋಡಬೇಕು. ಒಂದೊಂದೂ ಸಾಧ್ಯವಾದಷ್ಟು 48 ಗಂಟೆಯೊಳಗೆ ಹೇಳಬೇಕು, ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಇದಕ್ಕೆ ಸುತ್ತೋಲೆ ಹೊರಡಿಸಿದೆ. "ಇಷ್ಟು ಜನ ಸೇರಿ ನೋಡುವುದನ್ನು ನೀವೊಬ್ಬರೇ ಹೆಗಲ ಮೇಲೆ ಹೊರಬೇಡಿ. ಅಪ್ಪನನ್ನು ಒಯ್ಯುತ್ತಿರುವುದು ಕಾಯಿಲೆ."

ಚಿಕ್ಕಪ್ಪನ ಮಾತನ್ನು ತಳ್ಳಿಹಾಕಲಿಲ್ಲ. ಮನೆಯಲ್ಲೇ ಕಣ್ಣು ಮುಚ್ಚಬೇಕೆಂಬ ಆಸೆ ದೊಡ್ಡದು. ಆದರೆ ವೈದ್ಯರ ಸಲಹೆಗೆ ವಿರುದ್ಧವಾಗಿ ಎಂದು ಸಹಿ ಹಾಕಿ, ಔಷಧಿಯಿಲ್ಲದೆ, ಗೊತ್ತಿಲ್ಲದ ಆಂಬುಲೆನ್ಸಿನಲ್ಲಿ ಹೊರಟವರು ಹುಣಸೂರು ದಾಟುವ ಮೊದಲೇ ಒದ್ದಾಡಿದ್ದನ್ನು ನಾನು ಕಂಡಿದ್ದೇನೆ. ಕರೆತರುವುದಾದರೆ ಅದನ್ನೂ ಸಭೆಯಲ್ಲೇ ಕೇಳಿ: ದಾರಿಗೆ ಆಮ್ಲಜನಕ, ನೋವಿಗೆ ಮತ್ತು ಉಸಿರಿನ ಸಂಕಟಕ್ಕೆ ಔಷಧಿ, ಊರಿನಲ್ಲಿ ನೋಡುವವರು ಯಾರು ಎಂಬುದೆಲ್ಲ ತೀರ್ಮಾನವಾಗಿ ಹೊರಡಿ.

ಅವ್ವನಿಗೆ ಇವತ್ತೇ ಹೇಳಿ ಎಂದೆ. ಐವತ್ತು ವರ್ಷ ಜೊತೆಗೆ ಬಾಳಿದವರಿಂದ ಕೊನೆಯ ವಾರವನ್ನು ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ. ಇನ್ನು ತೀರ್ಥದ ಮಾತು. "ಬೈಗುಳದ ಭಯ ಬಿಟ್ಟು ಸಿಸ್ಟರನ್ನೇ ಕೇಳಿ. ನುಂಗಿಸಬಾರದು, ಆದರೆ ಗಾಜ್ ಬಟ್ಟೆಗೆ ಒಂದು ಹನಿ ಅದ್ದಿ ತುಟಿಗೆ ಸವರಬಹುದಾ ಅನ್ನಿ. ನೀವು ಪಕ್ಕದಲ್ಲಿ ಕೂತಿರೋವಷ್ಟು ಹೊತ್ತು ಕೈಕಟ್ಟು ಬಿಚ್ಚಬಹುದಾ ಅಂತಲೂ ಕೇಳಿ."

ಬುಧವಾರ ಸಭೆಯಾಯಿತು, ಮುಕ್ಕಾಲು ಗಂಟೆ. ತಮ್ಮ ಬಂದಿದ್ದ. ಜೀಪಿನ ಮಾತನ್ನು ಅಕ್ಕ ನೆನಪಿಸುವ ಮೊದಲು ಅವನೇ ಡಾಕ್ಟರಿಗೆ ಹೇಳಿದನಂತೆ. ಕತ್ತಿನ ಟ್ಯೂಬ್ ಬೇಡ, ಮೂರು ದಿನ ನೋಡೋಣ ಎಂದಾಯಿತು. ಎರಡನೇ ದಿನಕ್ಕೆ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್ ಬೇಡವೆಂದರು. ಎರಡೂ ಮಂಡಳಿಗಳು ನೋಡಿ ಒಪ್ಪಿದ ಮೇಲೆ, ಸಂಕಟವಾಗದಂತೆ ಮಾರ್ಫಿನ್ ಕೊಟ್ಟು ವೆಂಟಿಲೇಟರ್ ತೆಗೆದರು. ಆ ಹೊತ್ತಿಗೆ ಅವ್ವ ಮಂಚದ ಪಕ್ಕ ಸ್ಟೂಲಿನಲ್ಲಿ ಕೂತು ಗಂಡನ ಬಲಗೈ ಮಡಿಲಲ್ಲಿಟ್ಟುಕೊಂಡು ಉಗುರು ತೆಗೆಯುತ್ತಿದ್ದರು. ಸಿಸ್ಟರೇ ತನ್ನ ಬಳಿಯಿದ್ದ ನೇಲ್ ಕಟರ್ ಕೊಟ್ಟಿದ್ದರಂತೆ. ತುಟಿಗೆ ತೀರ್ಥ ಸವರಿದವನು ತಮ್ಮ. ಎರಡು ಗಂಟೆಯ ನಂತರ ಉಸಿರು ನಿಂತಿತು.

ಮಾರ್ಚ್‌ನಲ್ಲಿ, ಕಾಫಿ ಅರಳಿಸುವ ಹೂಮಳೆ ಬಿದ್ದ ವಾರ, ಆಕೆ ಮತ್ತೆ ಬಂದರು. ನಿದ್ದೆ ಬರುತ್ತಿದೆ, ಆದರೂ ಕೆಲವು ರಾತ್ರಿ ಮೂರು ಗಂಟೆಗೆ ಮಾನಿಟರಿನ ಸದ್ದು ಕೇಳಿದಂತಾಗಿ ಎಚ್ಚರವಾಗುತ್ತದೆ. ಅದು ಇನ್ನಷ್ಟು ತಿಂಗಳು ಇದ್ದೀತು. ಕಡಿಮೆಯಾಗದೆ ಹೆಚ್ಚಿದರೆ, ಕೆಲಸ ಮಾಡಲಾಗದಿದ್ದರೆ, ಮಾನಸಿಕ ತಜ್ಞರ ಬಳಿ ಕಳಿಸುತ್ತೇನೆ ಎಂದು ಹೇಳಿಟ್ಟಿದ್ದೇನೆ. ಹೊರಡುವಾಗ ತಮ್ಮನ ನಂಬರ್ ಬರೆದುಕೊಟ್ಟರು. "ಅವನಿಗೂ ಒಂದು ದಿನ ಟೈಮ್ ಕೊಡಿ ಮೇಡಂ. ಅವನೇ ಕೇಳಿದ್ದಾನೆ."