ಉಬುಂಟುಲಿ ಜ್ಯಾಂಗೊ ಹಾಕೋದು, ಆ ಕೆಂಪು ಎರರ್ ಬಗ್ಗೆ

ಸರ್, ಅಡಿಕೆ ಮಂಡಿ ಲೆಕ್ಕ ಇಡಕ್ಕೆ ಹಳೇ ಲ್ಯಾಪ್‌ಟಾಪಲ್ಲಿ ಉಬುಂಟು 24.04 ಹಾಕ್ಕೊಂಡು ಜ್ಯಾಂಗೊ (ಪೈಥಾನ್ ಭಾಷೇಲಿ ವೆಬ್ ಆಪ್ ಕಟ್ಟೋ ಫ್ರೇಮ್‌ವರ್ಕ್) ಇನ್‌ಸ್ಟಾಲ್ ಮಾಡಕ್ಕೆ ಹೋದ್ರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಅಂತ ಎರರ್ ಬರ್ತಿದೆ ಅಂದ್ರಲ್ಲ, ಕೆಳಗೆ ಯಾರೋ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಅಂತ ಸೇರಿಸಿ ಹೊಡೀರಿ ಆಗತ್ತೆ ಅಂದಿದಾರೆ. ಆಗತ್ತೆ ನಿಜ, ಆದ್ರೆ ದಯವಿಟ್ಟು ಮಾಡ್ಬೇಡಿ. ಏನ್ ಮುರಿಯತ್ತೆ ಅಂತ ಆ ಹೆಸರಲ್ಲೇ ಬರ್ದಿದಾರೆ ನೋಡಿ.

ವಿಷ್ಯ ಏನಂದ್ರೆ ಉಬುಂಟು ತನ್ನ ಸ್ವಂತ ಕೆಲ್ಸಕ್ಕೂ ಪೈಥಾನೇ ಬಳಸತ್ತೆ, ನಾವು ಪಿಪ್ (ಪೈಥಾನ್ ಪ್ಯಾಕೇಜ್ ಹಾಕೋ ಕಮಾಂಡ್) ತಗೊಂಡು ಅದೇ ಜಾಗಕ್ಕೆ ಬೇರೆ ವರ್ಶನ್ ಸುರಿದ್ರೆ ಅದರ ಅನ್ನಕ್ಕೆ ಕಲ್ಲು ಹಾಕಿದ ಹಾಗೆ. ನಾನು ಒಂದ್ಸಲ ಬುದ್ಧಿವಂತಿಕೆ ಮಾಡಿ 18.04ರಲ್ಲಿ ಸಿಸ್ಟಮ್ ಪೈಥಾನನ್ನೇ ಹೊಸ ವರ್ಶನ್‌ಗೆ ತಿರುಗಿಸ್ಬಿಟ್ಟೆ, ಮಾರನೇ ದಿನ ಟರ್ಮಿನಲ್ಲೇ ಓಪನ್ ಆಗ್ಲಿಲ್ಲ. ಐಕಾನ್ ಒತ್ತಿದ್ರೆ ಒಂದು ಕ್ಷಣ ಸುತ್ತತ್ತೆ, ಸುಮ್ನಾಗತ್ತೆ. ಕೊನೆಗೆ ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಕಪ್ಪು ಸ್ಕ್ರೀನಿಗೆ ಹೋಗಿ ವಾಪಸ್ ತಿರುಗಿಸಿದ್ದು.

ಸರಿಯಾದ ದಾರಿ ವೆನ್ವ್. ನಿಮ್ಮ ಪ್ರಾಜೆಕ್ಟಿಗೆ ಅಂತಲೇ ಒಂದು ಬೇರೆ ಪೈಥಾನ್ ಮನೆ, ಹಾಳಾದ್ರೆ ಫೋಲ್ಡರ್ ಡಿಲೀಟ್ ಮಾಡಿ ಹೊಸದು ಕಟ್ಟಿದ್ರಾಯ್ತು. ಫೋನಲ್ಲಿ ಟೈಪ್ ಮಾಡ್ತಿದೀನಿ, ಕಮಾಂಡ್‌ಗಳೂ ಕನ್ನಡದಲ್ಲೇ ಇದಾವೆ, ನೀವು ಇಂಗ್ಲಿಷಲ್ಲಿ ಎಲ್ಲಾ ಸಣ್ಣಕ್ಷರದಲ್ಲಿ ಹೊಡ್ಕೊಳ್ಳಿ.

ಮೊದಲು ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ವೆನ್ವ್. ಉಬುಂಟುಲಿ ಇದು ಬೇರೆ ಪ್ಯಾಕೇಜು, ಬಿಟ್ರೆ ಮುಂದಿನ ಹೆಜ್ಜೆಲೇ ಸಿಕ್ಕಾಕೊಳ್ತೀರ. ಆಮೇಲೆ ಹೋಮ್ ಫೋಲ್ಡರಲ್ಲಿ 'ಮಂಡಿ' ಅಂತ ಒಂದು ಫೋಲ್ಡರ್ ಮಾಡಿ ಸಿಡಿ ಹೊಡ್ದು ಅದರೊಳಗೆ ಹೋಗಿ (ಪೆನ್‌ಡ್ರೈವಲ್ಲಿ ಬೇಡ, ವೆನ್ವ್‌ಗೆ ಬೇಕಾದ ಲಿಂಕ್ ಅಲ್ಲಿ ಕೂರಲ್ಲ), ಪೈಥಾನ್3 -ಎಮ್ ವೆನ್ವ್ ಎನ್ವ್, ಆಮೇಲೆ ಸೋರ್ಸ್ ಎನ್ವ್/ಬಿನ್/ಆಕ್ಟಿವೇಟ್. ಸಾಲಿನ ಶುರುಲಿ ಬ್ರಾಕೆಟ್ ಒಳಗೆ ಎನ್ವ್ ಅಂತ ಕಂಡ್ರೆ ಒಳಗಿದೀರ ಅಂತ. ಟರ್ಮಿನಲ್ ಮುಚ್ಚಿ ತೆರ್ದಾಗೆಲ್ಲ ಈ ಸೋರ್ಸ್ ಸಾಲು ಮತ್ತೆ ಹೊಡೀಬೇಕು, ನೂರಕ್ಕೆ ಎಂಬತ್ತು ಜನ 'ನಿನ್ನೆ ಓಡ್ತಿತ್ತು ಇವತ್ತು ಜ್ಯಾಂಗೊ ಇಲ್ಲ ಅಂತಿದೆ' ಅಂತ ಬರೋದು ಇದನ್ನ ಮರೆತೇ.

ಈಗ ಪಿಪ್ ಇನ್‌ಸ್ಟಾಲ್ ಜ್ಯಾಂಗೊ~=5.2.0. ಸುಡೋ ಹಾಕ್ಬೇಡಿ, ಹಾಕಿದ್ರೆ ವೆನ್ವ್ ಬಿಟ್ಟು ಹೊರಗೆ ಹೋಗತ್ತೆ. 5.2 ಯಾಕೆ ಅಂದ್ರೆ ಅದು ಎಲ್‌ಟಿಎಸ್, ಅಂದ್ರೆ ಜಾಸ್ತಿ ಕಾಲ ಅಪ್‌ಡೇಟ್ ಸಿಗೋ ವರ್ಶನ್, 2028ರ ಏಪ್ರಿಲ್‌ವರೆಗೂ ಸೆಕ್ಯುರಿಟಿ ಅಪ್‌ಡೇಟ್ ಬರತ್ತೆ, ಲೆಕ್ಕದ ಪುಸ್ತಕಕ್ಕೆ ಹೊಸ ಹೊಸ ವರ್ಶನ್ ಹಿಂದೆ ಓಡೋ ಅವಶ್ಯಕತೆ ಏನಿಲ್ಲ.

ಜ್ಯಾಂಗೊ-ಅಡ್ಮಿನ್ ಸ್ಟಾರ್ಟ್‌ಪ್ರಾಜೆಕ್ಟ್ ಲೆಕ್ಕ ಅಂತ ಹೊಡ್ದು, ಒಂದು ಸ್ಪೇಸ್ ಬಿಟ್ಟು ಕೊನೆಗೊಂದು ಚುಕ್ಕಿ ಇಡಿ, ಚುಕ್ಕಿ ಇಲ್ದಿದ್ರೆ ಫೋಲ್ಡರ್ ಒಳಗೆ ಫೋಲ್ಡರ್ ಆಗಿ ತಲೆ ಕೆಡತ್ತೆ. ಆಮೇಲೆ ಪೈಥಾನ್ ಮ್ಯಾನೇಜ್.ಪಿವೈ ಮೈಗ್ರೇಟ್, ಅದೇ ಥರ ಕ್ರಿಯೇಟ್‌ಸೂಪರ್‌ಯೂಸರ್, ರನ್‌ಸರ್ವರ್. ಪಾಸ್‌ವರ್ಡ್ ಟೈಪ್ ಮಾಡುವಾಗ ಏನೂ ಕಾಣಲ್ಲ, ಕೀಬೋರ್ಡ್ ಕೆಟ್ಟಿಲ್ಲ, ಹಂಗೇ ಹೊಡ್ದು ಎಂಟರ್ ಒತ್ತಿ. ಬ್ರೌಸರಲ್ಲಿ ಲೋಕಲ್‌ಹೋಸ್ಟ್:8000 ಹಾಕಿದ್ರೆ ರಾಕೆಟ್ ಚಿತ್ರ ಬರತ್ತೆ.

ಸೆಟ್ಟಿಂಗ್ಸ್.ಪಿವೈಲಿ ಟೈಮ್ ಜೋನ್ ಯುಟಿಸಿ ಅಂತಿರತ್ತೆ, ಅದನ್ನ ಏಷ್ಯಾ/ಕೋಲ್ಕತಾ ಮಾಡಿ. ಇದನ್ನ ಸಣ್ಣದು ಅನ್ಕೋಬೇಡಿ, ಐದೂವರೆ ಗಂಟೆ ವ್ಯತ್ಯಾಸ, ನೀವು ಬೆಳಗ್ಗೆ 5ಕ್ಕೆ ಲೋಡ್ ಕಳ್ಸಿ ಎಂಟ್ರಿ ಹಾಕಿದ್ರೆ ಅಡ್ಮಿನಲ್ಲಿ (ಎಂಟ್ರಿ ಹಾಕಕ್ಕೆ, ನೋಡಕ್ಕೆ ಜ್ಯಾಂಗೊನೇ ಕೊಡೋ ಪುಟ) ಹಿಂದಿನ ದಿನದ ತಾರೀಖು ತೋರ್ಸತ್ತೆ. ಲ್ಯಾಂಗ್ವೇಜ್ ಕೋಡ್‌ಗೆ ಕೆಎನ್ ಅಂತ ಹಾಕಿದ್ರೆ ಅಡ್ಮಿನ್ ಪುಟ ಒಂದಷ್ಟು ಕನ್ನಡದಲ್ಲೂ ಬರತ್ತೆ.

ಮಾಡೆಲ್ (ಲೆಕ್ಕದಲ್ಲಿ ಯಾವ್ಯಾವ ಕಾಲಮ್ ಇರ್ಬೇಕು ಅಂತ ಹೇಳೋ ಕೋಡ್) ಬರೆಯುವಾಗ ತೂಕ, ದರ, ಕಮಿಷನ್ ಮೂರಕ್ಕೂ ಡೆಸಿಮಲ್‌ಫೀಲ್ಡೇ ಹಾಕಿ, ಫ್ಲೋಟ್ ಹಾಕಿದ್ರೆ ಎಲ್ಲೋ ಪೈಸೆ ಆಚೀಚೆ ಆಗಿ ಮಂಡಿ ಬಿಲ್ಲಿಗೂ ನಿಮ್ಮ ಲೆಕ್ಕಕ್ಕೂ ತಾಳೆ ಆಗಲ್ಲ. ರಾಶಿ, ಬೆಟ್ಟೆ, ಗೊರಬಲು ಅನ್ನೋ ಅಡಿಕೆ ದರ್ಜೆಗೆಲ್ಲ ಚಾಯ್ಸಸ್ (ಆರಿಸ್ಕೊಳ್ಳೋ ಪಟ್ಟಿ) ಕೊಟ್ರೆ ಪ್ರತಿ ಸಲ ಟೈಪ್ ಮಾಡೋದು ತಪ್ಪತ್ತೆ.

ಫೋನಲ್ಲೂ ನೋಡ್ಬೇಕು ಅಂದಿದ್ರಿ. ಹೋಸ್ಟ್‌ನೇಮ್ -ಐ ಹೊಡೀರಿ (ಈ ಐ ಮಾತ್ರ ದೊಡ್ಡಕ್ಷರ), ಬಂದ ನಂಬರನ್ನ ಸೆಟ್ಟಿಂಗ್ಸಲ್ಲಿ ಅಲೋಡ್ ಹೋಸ್ಟ್ಸ್ ಒಳಗೆ ಕೋಟ್ಸ್ ಸಮೇತ ಹಾಕಿ, ಪಕ್ಕದಲ್ಲಿ ಲೋಕಲ್‌ಹೋಸ್ಟೂ ಇರ್ಲಿ, ರನ್‌ಸರ್ವರ್ 0.0.0.0:8000 ಅಂತ ಓಡ್ಸಿ, ಫೋನು ಅದೇ ವೈಫೈಲಿದ್ರೆ ಆ ನಂಬರ್:8000ಕ್ಕೆ ತೆರೆಯತ್ತೆ. ಮನೆ ಒಳಗೆ ಮಾತ್ರ ಸರ್, ಸೆಟ್ಟಿಂಗ್ಸಲ್ಲಿ ಡೀಬಗ್ ಟ್ರೂ (ಎರರ್ ಬಂದ್ರೆ ಒಳಗಿನ ವಿವರ ತೋರ್ಸೋ ಮೋಡ್) ಇರೋವಾಗ ಇಂಟರ್ನೆಟ್ಟಿಗೆ ಬಿಡಬೇಡಿ.

ಲೆಕ್ಕ ಎಲ್ಲಾ ಇರೋದು ಡಿಬಿ.ಎಸ್‌ಕ್ಯೂಲೈಟ್3 ಅನ್ನೋ ಒಂದೇ ಫೈಲಲ್ಲಿ, ವಾರಕ್ಕೊಂದ್ಸಲ ಸರ್ವರ್ ನಿಲ್ಸಿ ಅದನ್ನ ಪೆನ್‌ಡ್ರೈವಿಗೆ ಕಾಪಿ ಮಾಡಿಟ್ಕೊಳ್ಳಿ.

ಮತ್ತೆ ಎರರ್ ಬಂದ್ರೆ ಫೋಟೋ ಹಾಕಿ, ಆದ್ರೆ ಕೊನೇ ಸಾಲು ಬರೋ ಹಾಗೆ ತೆಗೀರಿ, ಪೈಥಾನ್ ಅಸಲಿ ಕಾರಣ ಹೇಳೋದೇ ಅಲ್ಲಿ, ನಿನ್ನೆ ಹಾಕಿದ್ರಲ್ಲಿ ಅದೇ ಕಟ್ ಆಗಿತ್ತು.