ಹಳ್ಳಿಯ ಮನೆ ಮತ್ತು ಪರವಾನಗಿಯ ವೆಚ್ಚ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ತುಮಕೂರು ಜಿಲ್ಲೆಯ ಓದುಗರೊಬ್ಬರು ನಮಗೆ ದೀರ್ಘವಾದ ಪತ್ರ ಬರೆದಿದ್ದಾರೆ. ಊರಿನ ಅಂಚಿನಲ್ಲಿ ನಿವೇಶನ ಕೊಂಡು ಎರಡು ಕೋಣೆಯ ಮನೆ ಕಟ್ಟಲು ಹೊರಟ ಅವರು, ಪಾಯ ತೆಗೆಯುವ ಮುನ್ನವೇ ನೋಂದಣಿ, ಖಾತೆ ಬದಲಾವಣೆ, ಇ-ಸ್ವತ್ತು (ಪಂಚಾಯಿತಿ ಆಸ್ತಿಯ ಗಣಕೀಕೃತ ದಾಖಲೆ), ನೀಲನಕ್ಷೆ, ಪಂಚಾಯಿತಿ ಪರವಾನಗಿ, ಕಾರ್ಮಿಕ ಸೆಸ್ ಎಂದು ಒಂದೊಂದು ಕಡೆಯೂ ಹಣ ಕಟ್ಟಬೇಕಾಗಿ ಬಂತೆಂದೂ, ಅದರಲ್ಲಿ ಒಂದು ಮೊತ್ತಕ್ಕೆ ರಸೀದಿಯೇ ಸಿಗಲಿಲ್ಲವೆಂದೂ ತಿಳಿಸಿದ್ದಾರೆ. ಹಳ್ಳಿಯಲ್ಲಿ ಸ್ವಂತ ಜಾಗದಲ್ಲಿ ಮನೆ ಕಟ್ಟುವುದಕ್ಕೆ ಅಪ್ಪಣೆ ಏಕೆ ಬೇಕು, ಶುಲ್ಕಗಳು ಹೀಗೆ ಏರುತ್ತ ಹೋಗುವುದನ್ನು ಯಾರನ್ನು ಕೇಳಬೇಕು, ಪರವಾನಗಿ ಕೈಸೇರುವ ಮೊದಲೇ ಮಳೆಗಾಲಕ್ಕೆ ಮುಂಚೆ ಪಾಯ ತೆಗೆಸಬಹುದೇ ಎಂಬುದು ಅವರ ಪ್ರಶ್ನೆಗಳು. ಇದೇ ಸಂಕಟ ಅನೇಕರದ್ದಾಗಿರುವುದರಿಂದ ವಿವರವಾಗಿಯೇ ಉತ್ತರಿಸುತ್ತಿದ್ದೇವೆ.

ಮಾನ್ಯರೇ,

ಪರವಾನಗಿಯೇ ಬೇಡ ಎಂಬ ನಿಮ್ಮ ಮಾತನ್ನು ನಾವು ಒಪ್ಪುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿ ಮನೆಗಳು ಮಣ್ಣುಪಾಲಾದದ್ದನ್ನು ಕಂಡ ನಾಡು ನಮ್ಮದು. ಇಳಿಜಾರನ್ನು ಕಡಿದು ಎಲ್ಲಿ ಮನೆ ಕಟ್ಟಬಾರದು, ಕೆರೆ ಅಂಗಳ ಎಲ್ಲಿಗೆ ಮುಗಿಯುತ್ತದೆ, ಕೋಡಿಯ ನೀರು ಯಾವ ಹಾದಿಯಲ್ಲಿ ಹರಿಯುತ್ತದೆ ಎಂಬುದನ್ನು ಯಾರಾದರೊಬ್ಬರು ಮೊದಲೇ ನೋಡಿ ಹೇಳಬೇಕಾಗುತ್ತದೆ. ಬಯಲುಸೀಮೆಯ ಊರಿನಲ್ಲೂ ಒಬ್ಬರು ರಸ್ತೆಗೆ ಮೂರು ಅಡಿ ಮುಂದೆ ಬಂದು ಮೆಟ್ಟಿಲು ಹಾಕಿಸಿದರೆ ಆ ಓಣಿಗೆ ಆಂಬುಲೆನ್ಸ್ ಬರುವುದು ಅಲ್ಲಿಗೇ ನಿಲ್ಲುತ್ತದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣವು ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಕಟ್ಟಡ ಕಟ್ಟಬಾರದೆಂದು ಹೇಳುವುದು ಈ ಕಾರಣಕ್ಕೇ. ಇದರ ಜೊತೆಗೆ, ವಾಸಯೋಗ್ಯ ಪ್ರಮಾಣಪತ್ರವಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಕೂಡದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ನಿರ್ದೇಶಿಸಿದ ಮೇಲಂತೂ ಕಾಗದಪತ್ರವಿಲ್ಲದ ಮನೆಯ ಯಜಮಾನರಿಗೆ ಮುಂದೆ ತೊಂದರೆ ತಪ್ಪಿದ್ದಲ್ಲ. ಆದ್ದರಿಂದ ಪರವಾನಗಿಯನ್ನು ಪಡೆದುಕೊಳ್ಳಿ. ನಮ್ಮ ತಕರಾರು ಇರುವುದು ಅದಕ್ಕೆ ಕಟ್ಟಿಸಿಕೊಳ್ಳುವ ಹಣದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಹಣ ಕಟ್ಟಿದವನಿಗೆ ಏನೂ ದೊರಕದಿರುವುದರ ಬಗ್ಗೆ.

ನಿಮ್ಮ ಸಿಟ್ಟೆಲ್ಲ ಪಂಚಾಯಿತಿಯ ಮೇಲಿದೆ. ಆದರೆ ಲೆಕ್ಕ ಹಾಕಿ ನೋಡಿದರೆ ದೊಡ್ಡ ಮೊತ್ತ ಹೋಗುವುದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ. ಹತ್ತು ಲಕ್ಷ ರೂಪಾಯಿ ಮೌಲ್ಯದ ಒಂದು ನಿವೇಶನವೆಂದು ಇಟ್ಟುಕೊಳ್ಳೋಣ. ಶೇ 5ರ ಮುದ್ರಾಂಕ ಶುಲ್ಕ 50,000 ರೂಪಾಯಿ. ಆ ಮುದ್ರಾಂಕ ಶುಲ್ಕದ ಮೇಲೆ ಶೇ 10ರ ಸೆಸ್ 5,000. ಅದೇ ಮುದ್ರಾಂಕ ಶುಲ್ಕದ ಮೇಲಿನ ಸರ್‌ಚಾರ್ಜ್ ನಗರದಲ್ಲಿ ಶೇ 2 ಇದ್ದರೆ ಗ್ರಾಮಾಂತರದಲ್ಲಿ ಶೇ 3, ಅಂದರೆ 1,500. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿರುವುದರಿಂದ 20,000. ಒಟ್ಟು 76,500 ರೂಪಾಯಿ. ಅದೇ ನಿವೇಶನವನ್ನು ಆ ದಿನಾಂಕಕ್ಕೆ ಒಂದು ವಾರ ಮೊದಲು ನೋಂದಾಯಿಸಿದ್ದರೆ 66,500 ಸಾಕಾಗುತ್ತಿತ್ತು. ಈ ಶೇಕಡಾವಾರು ಲೆಕ್ಕ ನಿಲ್ಲುವುದು ಮಾರ್ಗಸೂಚಿ ದರದ ಮೇಲೆ, ಅಂದರೆ ಆಯಾ ಜಾಗಕ್ಕೆ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಬೆಲೆಯ ಮೇಲೆ. ನೀವು ಕೊಟ್ಟ ಬೆಲೆ ಮಾರ್ಗಸೂಚಿ ದರಕ್ಕಿಂತ ಕಡಿಮೆಯಿದ್ದರೂ ಶುಲ್ಕ ಕಟ್ಟಬೇಕಾದದ್ದು ಮಾರ್ಗಸೂಚಿ ದರಕ್ಕೇ. ಆ ದರಗಳನ್ನು 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಏರಿಸಲಾಯಿತು. ಹೀಗೆ ಎರಡು ವರ್ಷದೊಳಗೆ ಬುಡವೂ ಏರಿತು, ಅದರ ಮೇಲಿನ ದರವೂ ಏರಿತು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಡವರೊಬ್ಬರಿಗೆ ಬಯಲು ಪ್ರದೇಶದಲ್ಲಿ ಇಡೀ ಮನೆಗೆ ಸಿಗುವ ನೆರವು 1.20 ಲಕ್ಷ ರೂಪಾಯಿ. 2016ರಲ್ಲಿ ಯೋಜನೆ ಆರಂಭವಾದಾಗಲೂ ಅಷ್ಟೇ ಇತ್ತು. ಕೊಡುವುದು ಅಲ್ಲೇ ನಿಂತಿದೆ, ತೆಗೆದುಕೊಳ್ಳುವುದು ಮಾತ್ರ ಬೆಳೆಯುತ್ತಿದೆ ಎಂಬ ನಿಮ್ಮ ನೋವಿಗೆ ಆಧಾರವಿದೆ.

ಇನ್ನು ಪಂಚಾಯಿತಿಯ ಪರವಾನಗಿ ಶುಲ್ಕದ ವಿಷಯ. ಶುಲ್ಕಕ್ಕೂ ತೆರಿಗೆಗೂ ಇರುವ ವ್ಯತ್ಯಾಸವನ್ನು ನಮ್ಮ ನ್ಯಾಯಾಲಯಗಳು ಬಹಳ ಹಿಂದೆಯೇ ಸ್ಪಷ್ಟಪಡಿಸಿವೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ, 1954ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ತೆರಿಗೆಯು ಎಲ್ಲರೂ ಹೊರಬೇಕಾದ ಸಾಮಾನ್ಯ ಹೊರೆ, ಶುಲ್ಕವು ಕಟ್ಟಿದವನಿಗೆ ಸಲ್ಲುವ ಒಂದು ವಿಶೇಷ ಸೇವೆಗೆ ಪ್ರತಿಯಾಗಿ ಪಡೆಯುವಂಥದ್ದು. ಪೈಸೆಗೆ ಪೈಸೆ ಲೆಕ್ಕ ತಾಳೆಯಾಗಬೇಕಿಲ್ಲ, ಸ್ಥೂಲವಾದ ಸಂಬಂಧವಿದ್ದರೆ ಸಾಕು ಎಂದು ಅನಂತರದ ತೀರ್ಪುಗಳು ಈ ನಿಯಮವನ್ನು ಸಡಿಲಿಸಿದವು, ನಿಜ. ಆದರೆ ಸಂಬಂಧವೇ ಇಲ್ಲದಿದ್ದರೂ ನಡೆಯುತ್ತದೆ ಎಂದು ಅವು ಹೇಳಲಿಲ್ಲ. 1992ರಲ್ಲಿ ಅಹಮದಾಬಾದ್ ನಗರಾಭಿವೃದ್ಧಿ ಪ್ರಾಧಿಕಾರವು ಅಭಿವೃದ್ಧಿ ಶುಲ್ಕ ವಸೂಲಿ ಮಾಡಿದ್ದನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಮುಖ್ಯವಾದ ಮಾತು ಹೇಳಿತು. ಕಾಯ್ದೆಯಲ್ಲಿ ಸ್ಪಷ್ಟವಾದ ಅಧಿಕಾರವಿಲ್ಲದೆ ಯಾವ ಪ್ರಾಧಿಕಾರವೂ ಶುಲ್ಕ ವಿಧಿಸುವಂತಿಲ್ಲ, ಅಭಿವೃದ್ಧಿ ಮಾಡುವುದು ತನ್ನ ಕರ್ತವ್ಯವಾಗಿರುವುದರಿಂದ ಅದಕ್ಕೆ ಹಣ ಕೇಳುವ ಅಧಿಕಾರವೂ ತನಗಿದೆ ಎಂದು ಊಹಿಸಿಕೊಳ್ಳುವಂತಿಲ್ಲ. ನಿಮ್ಮ ಊರಿನ ಪಂಚಾಯಿತಿಗೂ ಈ ಮಾತು ಅನ್ವಯಿಸುತ್ತದೆ. ‘ಊರಿನ ಅಭಿವೃದ್ಧಿಗೆ’ ಎಂದು ಬಾಯಿಮಾತಿನಲ್ಲಿ ಕೇಳುವ ಮೊತ್ತ ಯಾವ ನಿಯಮದ ಯಾವ ಉಪನಿಯಮದಲ್ಲಿದೆ ಎಂದು ವಿಚಾರಿಸುವ ಹಕ್ಕು ನಿಮಗಿದೆ.

ಪರವಾನಗಿ ಶುಲ್ಕಕ್ಕೆ ಪ್ರತಿಯಾಗಿ ಸಿಗಬೇಕಾದ ಸೇವೆ ಯಾವುದು? ಪಂಚಾಯಿತಿಯಿಂದ ಒಬ್ಬರು ಟೇಪು ಹಿಡಿದು ನಿವೇಶನಕ್ಕೆ ಬರಬೇಕು. ಪಂಚಾಯಿತಿಯ ಆಸ್ತಿ ದಾಖಲೆಯಾದ ನಮೂನೆ 9ರಲ್ಲಿರುವ ಚೆಕ್ಕುಬಂದಿಗೂ ನೆಲದ ಮೇಲಿರುವ ಗಡಿಕಲ್ಲಿಗೂ ತಾಳೆಯಾಗುತ್ತದೆಯೇ ನೋಡಬೇಕು. ರಸ್ತೆಯ ಮಧ್ಯದಿಂದ ಅಳೆದು ಗೋಡೆ ಎಲ್ಲಿಂದ ಎದ್ದರೆ ಸರಿ ಎಂದು ಸುಣ್ಣದಲ್ಲಿ ಗೆರೆ ಎಳೆದು ತೋರಿಸಬೇಕು. ಚರಂಡಿ ಮುಂದೆ ಯಾವ ಮಟ್ಟಕ್ಕೆ ಬರಲಿದೆ, ಆದ್ದರಿಂದ ನೆಲಮಟ್ಟವನ್ನು ಎಷ್ಟು ಎತ್ತರಿಸಿಕೊಳ್ಳಬೇಕು, ಶೌಚಗುಂಡಿಯನ್ನು ಪಕ್ಕದ ಬಾವಿ, ಕೊಳವೆಬಾವಿಯಿಂದ ದೂರದಲ್ಲಿ ಎಲ್ಲಿ ತೋಡಬೇಕು ಎಂದು ಹೇಳಬೇಕು. ಇಷ್ಟು ಕೆಲಸ ಒಂದು ಬೆಳಗಿನಲ್ಲಿ ಮುಗಿಯುತ್ತದೆ. ಇದನ್ನು ಮಾಡಿಕೊಡುವ ಪಂಚಾಯಿತಿ ಇಂದಿಗಿಂತ ಹೆಚ್ಚು ಶುಲ್ಕ ಕೇಳಿದರೂ ನಾವು ಅದರ ಪರವಾಗಿ ಬರೆಯುತ್ತೇವೆ. ಆದರೆ ನಿಮ್ಮ ಪತ್ರದ ಪ್ರಕಾರ ಜಾಗಕ್ಕೆ ಯಾರೂ ಬರಲಿಲ್ಲ, ನಕ್ಷೆಯ ಮೇಲೆ ಮೊಹರು ಬಿತ್ತು, ಅಷ್ಟೇ. ಮೊಹರಿಗೆ ಪಡೆಯುವ ಹಣವನ್ನು ಶುಲ್ಕವೆಂದು ಕರೆಯುವುದು ಕಷ್ಟ.

ಪಂಚಾಯಿತಿಯ ಕಡೆಯ ಕಷ್ಟವನ್ನೂ ನೋಡದೆ ಬರೆದರೆ ನ್ಯಾಯವಾಗುವುದಿಲ್ಲ. ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೆಂದೇ ಕಟ್ಟುಹಾಕಿದ ಹಣವಾಗಿತ್ತು. ಉಳಿದ ಶೇ 40ರಲ್ಲಿ ಬೀದಿದೀಪ, ರಸ್ತೆ, ಚರಂಡಿಗಳೆಲ್ಲ ನಡೆಯಬೇಕಿತ್ತು, ಅದನ್ನೂ ಸಿಬ್ಬಂದಿಯ ಸಂಬಳಕ್ಕೆ ಬಳಸುವಂತಿರಲಿಲ್ಲ. ಸ್ವಂತ ವರಮಾನ ಹೆಚ್ಚಿಸಿಕೊಳ್ಳಿ ಎಂದು ಮೇಲಿನಿಂದ ಸುತ್ತೋಲೆ ಬಂದಾಗ, ವರ್ಷಗಟ್ಟಲೆ ಬಾಕಿಯಿರುವ ಕಂದಾಯವನ್ನು ಊರಿನ ಪ್ರಬಲರಿಂದ ವಸೂಲಿ ಮಾಡುವುದಕ್ಕಿಂತ, ಹೊಸ ಮನೆಗೆ ಅರ್ಜಿ ಹಿಡಿದು ತಾನಾಗಿ ಬಂದು ನಿಂತವನಿಂದ ಕಟ್ಟಿಸಿಕೊಳ್ಳುವುದು ಸುಲಭವಾಗಿ ಕಾಣುತ್ತದೆ. ಹಳೆಯ ಬಾಕಿಯ ಹೊರೆಯನ್ನು ಹೊಸಬನ ತಲೆಗೆ ಕಟ್ಟುವ ಈ ದಾರಿಯನ್ನು ನಾವು ಒಪ್ಪುವುದಿಲ್ಲ. ಊರಿಗೆ ಚರಂಡಿ ಬೇಕಾದರೆ ಅದರ ಖರ್ಚು ಊರಿನ ಎಲ್ಲ ಮನೆಗಳ ಕಂದಾಯದಿಂದ ಬರಬೇಕು.

ಕಾರ್ಮಿಕ ಸೆಸ್ ಕೇಳಿದರೆಂದು ಬರೆದಿದ್ದೀರಿ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ವಿಧಿಸುವ ಕಾಯ್ದೆ ಬಂದದ್ದು 1996ರಲ್ಲಿ. ಒಬ್ಬ ವ್ಯಕ್ತಿ ತನ್ನ ವಾಸಕ್ಕೆ ಕಟ್ಟಿಕೊಳ್ಳುವ, ಹತ್ತು ಲಕ್ಷ ರೂಪಾಯಿ ಮೀರದ ಮನೆಯನ್ನು ಅಂದೇ ಅದರಿಂದ ಹೊರಗಿಟ್ಟಿದ್ದರು. ಆ ಕಾಲಕ್ಕೆ ಹತ್ತು ಲಕ್ಷವೆಂದರೆ ದೊಡ್ಡ ಬಂಗಲೆ. ಮುಂದೆ ಕಬ್ಬಿಣ, ಸಿಮೆಂಟು, ಗಾರೆಯವರ ಕೂಲಿ ಎಲ್ಲವೂ ಏರಿದರೂ ಈ ಮಿತಿ ಕದಲಲಿಲ್ಲ. ಹೀಗಾಗಿ ಯಾರನ್ನು ಬಿಡಬೇಕೆಂದು ಕಾಯ್ದೆ ಉದ್ದೇಶಿಸಿತ್ತೋ ಅವರೇ ವರ್ಷದಿಂದ ವರ್ಷಕ್ಕೆ ಅದರೊಳಗೆ ಬಂದು ಬಿದ್ದರು. ದರವನ್ನು ಒಂದು ಪೈಸೆಯೂ ಏರಿಸದೆ ಹೊರೆ ಹೆಚ್ಚಾಗುವುದು ಹೀಗೆ. ಶುಲ್ಕಗಳ ಚರ್ಚೆಯಲ್ಲಿ ಯಾರ ಕಣ್ಣಿಗೂ ಬೀಳದ ಸಂಗತಿ ಇದು. 2020ರ ಸಾಮಾಜಿಕ ಭದ್ರತಾ ಸಂಹಿತೆ ಸ್ವಂತ ವಾಸದ ಮನೆಯ ಮಿತಿಯನ್ನು 50 ಲಕ್ಷಕ್ಕೆ ಏರಿಸಿತು. ಆ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ನಿಮ್ಮ ಎರಡು ಕೋಣೆಯ ಮನೆಯ ಅಂದಾಜು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದ್ದರಿಂದ ಸೆಸ್ ಕಟ್ಟಿ ಎಂದು ಮತ್ತೆ ಹೇಳಿದರೆ ಬೇಡಿಕೆಯನ್ನು ಲಿಖಿತವಾಗಿ ಕೊಡುವಂತೆ ಕೇಳಿ, ಈ ಸಂಹಿತೆಯನ್ನು ಉಲ್ಲೇಖಿಸಿ ಉತ್ತರ ಕೊಡಿ.

ಇದೇ ರೀತಿಯ ವಿನಾಯಿತಿ ಪರವಾನಗಿ ಶುಲ್ಕದಲ್ಲೂ ಇರಬೇಕೆಂಬುದು ನಮ್ಮ ಒತ್ತಾಯ. ಸ್ವಂತ ವಾಸದ ಸಣ್ಣ ಮನೆಗೆ ಹೆಸರಿಗಷ್ಟೇ ಶುಲ್ಕವಿರಲಿ, ಹೆದ್ದಾರಿಯ ಬದಿಯ ವಾಣಿಜ್ಯ ಮಳಿಗೆಗೂ ಪಟ್ಟಣದವರ ವಾರಾಂತ್ಯದ ತೋಟದ ಬಂಗಲೆಗೂ ವಿಸ್ತೀರ್ಣಕ್ಕೆ ತಕ್ಕಂತೆ ಏರಲಿ. ಅದಕ್ಕೂ ಮೊದಲು ಆಗಬೇಕಾದದ್ದು, ಮನೆ ಕಟ್ಟುವವರು ಎಲ್ಲೆಲ್ಲಿ ಎಷ್ಟೆಷ್ಟು ಕಟ್ಟಬೇಕೆಂಬ ಪಟ್ಟಿ ಪಂಚಾಯಿತಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರುವುದು. ನಿಮ್ಮ ಊರು ಸ್ಥಳೀಯ ಯೋಜನಾ ಪ್ರದೇಶದೊಳಗೆ, ಅಂದರೆ ಯೋಜನಾ ಪ್ರಾಧಿಕಾರದ ವ್ಯಾಪ್ತಿಯೊಳಗೆ, ಬರುತ್ತದೆಯೇ ಎಂಬುದನ್ನೂ ಅದರಲ್ಲಿ ಬರೆದಿರಬೇಕು. ಬಂದರೆ ಯೋಜನಾ ಪ್ರಾಧಿಕಾರದ ಒಪ್ಪಿಗೆ, ಅದರ ಶುಲ್ಕ ಎರಡೂ ಸೇರಿಕೊಳ್ಳುತ್ತವೆ, ಎಷ್ಟೋ ಜನರಿಗೆ ಇದು ತಿಳಿಯುವುದು ಅರ್ಧ ಗೋಡೆ ಎದ್ದ ಮೇಲೆ. ಇಪ್ಪತ್ತು-ಮೂವತ್ತು, ಮೂವತ್ತು-ನಲವತ್ತರ ನಿವೇಶನಗಳಿಗೆ ಹೊಂದುವ ನಾಲ್ಕಾರು ಮಾದರಿ ನಕ್ಷೆಗಳನ್ನು ಪಂಚಾಯಿತಿಯೇ ಸಿದ್ಧವಾಗಿಟ್ಟು ಉಚಿತವಾಗಿ ಕೊಟ್ಟರೆ ನಕ್ಷೆ ಬರೆಸುವ ಖರ್ಚೂ ಉಳಿಯುತ್ತದೆ.

ರಸೀದಿಯಿಲ್ಲದೆ ಕೊಟ್ಟ ಹಣದ ಬಗ್ಗೆ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ಅವರಿಗೆ ರಕ್ಷಣೆಯಿದೆ. ಆದ್ದರಿಂದ ಮುಂದೆ ಅಂಥ ಬೇಡಿಕೆ ಬಂದರೆ ಕೊಡುವ ಮೊದಲೇ ಲೋಕಾಯುಕ್ತಕ್ಕೆ ದೂರು ಕೊಡಿ. ಅಧಿಕೃತವಾಗಿ ಕಟ್ಟಿದ ಹಣ ಯಾವ ಲೆಕ್ಕಶೀರ್ಷಿಕೆಗೆ ಜಮೆಯಾಗಿದೆ ಎಂದು ತಿಳಿಯಲು ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು, ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ವರ್ಷಕ್ಕೊಮ್ಮೆ ನಡೆಯುವ ಪಂಚಾಯಿತಿಯ ಜಮಾಬಂದಿಗೆ, ಅಂದರೆ ಲೆಕ್ಕಪತ್ರಗಳನ್ನು ಊರವರ ಎದುರು ಪರಿಶೀಲಿಸುವ ಸಭೆಗೆ, ತಪ್ಪದೆ ಹೋಗಿ. ಶುಲ್ಕ ಏರಿಸಿದ ನಿರ್ಣಯವನ್ನು ಓದಿ ಹೇಳಿ ಎಂದು ನಾಲ್ಕು ಜನರ ಎದುರು ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಕೊನೆಗೆ ಪಾಯದ ಪ್ರಶ್ನೆ. ಈಗಲೇ ತೆಗೆಸಬೇಡಿ. ಅರ್ಜಿ ತಲುಪಿದ ಅರವತ್ತು ದಿನಗಳೊಳಗೆ ಪಂಚಾಯಿತಿ ತನ್ನ ತೀರ್ಮಾನವನ್ನು ತಿಳಿಸದಿದ್ದರೆ ಅನುಮತಿ ಕೊಟ್ಟಂತೆಯೇ ಎಂದು ಮೇಲೆ ಹೇಳಿದ 64ನೇ ಪ್ರಕರಣದಲ್ಲೇ ಇದೆ. ಆ ಲೆಕ್ಕ ಶುರುವಾಗುವುದು ಸ್ವೀಕೃತಿ ಪತ್ರದ ಮೇಲಿನ ದಿನಾಂಕದಿಂದ. ಆದ್ದರಿಂದ ಅರ್ಜಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮೇಜಿನ ಮೇಲೆ ಇಟ್ಟು ಬಂದಿದ್ದರೆ ನಾಳೆಯೇ ಹೋಗಿ ಸ್ವೀಕೃತಿ ಪಡೆದುಕೊಳ್ಳಿ, ಅರ್ಜಿಗೆ ಸಕಾಲ (ಸರ್ಕಾರಿ ಸೇವೆಗಳನ್ನು ಗೊತ್ತುಪಡಿಸಿದ ದಿನಗಳೊಳಗೆ ಕೊಡಿಸುವ ವ್ಯವಸ್ಥೆ) ಸಂಖ್ಯೆ ಬಿದ್ದಿದೆಯೇ ವಿಚಾರಿಸಿ. ಸಕಾಲದಲ್ಲಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಮೊತ್ತ ಸಣ್ಣದಾದರೂ ಅದು ಹೋಗುವುದು ತಡಮಾಡಿದ ಅಧಿಕಾರಿಯ ಕಿಸೆಯಿಂದ, ಹಾಗಾಗಿ ಕಡತ ಕದಲುತ್ತದೆ. ಅರವತ್ತು ದಿನ ಕಳೆದರೂ ಉತ್ತರ ಬರದಿದ್ದರೆ, 64ನೇ ಪ್ರಕರಣವನ್ನು ಹೆಸರಿಸಿ, ಕೆಲಸ ಆರಂಭಿಸುತ್ತಿರುವುದಾಗಿ ಪಂಚಾಯಿತಿಗೆ ನೋಂದಾಯಿತ ಅಂಚೆಯಲ್ಲಿ ಒಂದು ಪತ್ರ ಹಾಕಿ ಪಾಯ ತೆಗೆಸಿ. ಆಗಲೂ ಸಲ್ಲಿಸಿದ ನಕ್ಷೆಯನ್ನು ಮೀರಿ ಒಂದಡಿಯೂ ಆಚೆ ಹೋಗಬೇಡಿ, ಏಕೆಂದರೆ ಹೀಗೆ ತಾನಾಗಿ ಸಿಗುವ ಅನುಮತಿ ನಿಯಮ ಮೀರಿ ಕಟ್ಟಿದ ಗೋಡೆಯನ್ನು ಕಾಪಾಡುವುದಿಲ್ಲ.

— ಸಂಪಾದಕ